ಎಡಗಡೆ ಗಾಲಿಯ ನಿಂಬೆಹಣ್ಣು

ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋಣ ಅಂತ ಬಕೆಟ್ಟು ಹಿಡಿದು ಹೊರಗೆ ಬಂದೆ. ಬೀದಿಯಲ್ಲೆಲ್ಲ ನಿಂಬೆಹಣ್ಣಿನ ವಾಸನೆ. ಉಪ್ಪಿನಕಾಯಿಗೆ ಹೆಚ್ಚುವಾಗ ಬರುವ ವಾಸನೆ ಅಲ್ಲ ಅದು. ಗಾಲಿ ಅಡಿಗೆ ಸಿಕ್ಕಿ ಸಿಪ್ಪೆ, ಬೀಜ ಎಲ್ಲ ಜಜ್ಜಿಹೋಗಿ, ಅದಕ್ಕೆ ರಬ್ಬರು, ಪೆಟ್ರೋಲು ಹೊಗೆ, ಊದುಬತ್ತಿ ಸೇರಿಕೊಂಡರೆ ಒಂದು ಥರ ವಾಸನೆ ಬರುತ್ತದೆ. ಅದು.

ಎದುರುಮನೆಗೆ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಮತ್ತು ಅವಳ ಗಂಡ ಕಾರಿಗೆ ಪೂಜೆ ಮಾಡಿ, ಒಂದು ಮಾರು ಮುಂದಕ್ಕೆ ತೆಗೆದು ನಿಲ್ಲಿಸಿಕೊಂಡು, ಹಿಂದೆ ಚೀಲ ತುಂಬುತ್ತಿದ್ದರು. ಎಲ್ಲಿಗಮ್ಮ ಸವಾರಿ ಅಂದೆ.

“ಬ್ರೂವರಿ ಟ್ರಿಪ್ಪು ಅಜ್ಜಿ. ಅಲ್ಲೇ ಬಿಯರ್ ಮಾಡಿ ಅಲ್ಲೇ ಕೊಡ್ತಾರಲ್ಲ, ಆ ಜಾಗಗಳಿಗೆ. ಬೆಂಗಳೂರು, ಆಮೇಲೆ ಮಂಗಳೂರು, ಗೋವಾ.”

ಗಂಡ ಅವಳ ಮೊಣಕೈಗೆ ತಿವಿದ. “ಅಜ್ಜಿ ಹತ್ರ ಹೇಳೋ ವಿಷ್ಯಾನಾ ಅದು?”

“ನಿನ್ನಷ್ಟು ವಯಸ್ಸಿನ ಕುಡುಕರಿಗೆ ಬೋಂಡ ಕರಿದುಕೊಟ್ಟೋಳು ನಾನು, ಸುಮ್ನಿರಪ್ಪ,” ಅಂದೆ. “ಗಾಡಿ ಓಡಿಸೋರು ಯಾರು ಅದು ಹೇಳು.”

ದಿನಕ್ಕೊಬ್ಬರಂತೆ ಪಾಳಿ ಮಾಡಿಕೊಂಡಿದ್ದಾರಂತೆ. ಪಾಳಿ ಇರೋರು ಕುಡಿಯೋ ಹಾಗಿಲ್ಲವಂತೆ. ಸರಿ ಅಂದೆ. ಕಾರು ಹೊರಟಿತು. ನಾನು ಬಕೆಟ್ಟು ಕೆಳಗಿಟ್ಟು ಅಲ್ಲೇ ನಿಂತೆ. ಅದೇ ಮನೆ, ಅದೇ ಚರಂಡಿ ಅಂಚು. ಇದೇ ಜಾಗದಲ್ಲಿ ಇಂಥದೇ ಟ್ರಿಪ್ಪಿಗೆ ಇನ್ನೊಬ್ಬರು ಹೊರಟಿದ್ದರು. ಹೋಗಲಿಲ್ಲ. ಹೋಗದೆ ಇರೋ ಹಾಗೆ ಮಾಡಿದವಳು ನಾನೇ. ಮಾಡಿದ್ದು ಸರಿಯೇ. ಈಗಲೂ ಹಾಗೇ ಹೇಳುತ್ತೇನೆ.

ಅವರು ಸರ್ಕಾರಿ ಬಸ್ಸಿನ ಡ್ರೈವರ್ರು. ರಿಟೈರಾದ ಮೇಲೂ ನಜರ್‌ಬಾದಿನ ನಮ್ಮ ಬೀದಿಯಲ್ಲಿ ಅವರನ್ನು ಡ್ರೈವರ್ರು ಅಂತಲೇ ಕರೆಯುತ್ತಿದ್ದದ್ದು. ನಾನೂ ಹಾಗೇ ಕರೆದೆ. ಅವರು ನನ್ನನ್ನು ಕಡ್ಲೆಕಾಯಕ್ಕ ಅನ್ನುತ್ತಿದ್ದರು. ನನ್ನ ಗಂಡ ಸಾರಾಯಿ ಕುಡಿದು ಕುಡಿದು ಸತ್ತ. ಆಮೇಲೆ ನಾನು ಒಂದು ವೈನ್ ಸ್ಟೋರಿನ ಪಕ್ಕ ಗಾಡಿ ಇಟ್ಟುಕೊಂಡು ಹುರಿದ ಕಡ್ಲೆಕಾಯಿ, ಮೊಟ್ಟೆ ಬೋಂಡ ಮಾರಿದೆ. ಗಂಡನನ್ನು ಕೊಂದ ಕುಡಿತದ ಪಕ್ಕದಲ್ಲೇ ಹೋಗಿ ಕೂತಳು ಅಂತ ಜನ ಆಡಿಕೊಂಡರು. ವ್ಯಾಪಾರ ಆಗೋದು ಅಲ್ಲಿ, ಇನ್ನೆಲ್ಲಿ ಹೋಗಿ ಕೂರಲಿ? ದೇವಸ್ಥಾನದ ಮುಂದೆ ಮೊಟ್ಟೆ ಬೋಂಡ ಮಾರೋಕಾಗುತ್ತಾ? ಕುಡುಕರನ್ನು ನೋಡಿ ನೋಡಿ ನನಗೆ ಅವರ ಮೇಲೆ ಸಿಟ್ಟೂ ಇಲ್ಲ, ಕನಿಕರವೂ ಇಲ್ಲ.

ಡ್ರೈವರ್ರು ಮಾತ್ರ ಒಂದು ತೊಟ್ಟು ಮುಟ್ಟಿದವರಲ್ಲ. ಜನರನ್ನು ಕೂರಿಸಿಕೊಂಡು ಹೋಗೋನು ಕುಡಿಯಬಾರದು ಅಂತ ಅವರದೊಂದು ನೇಮ. ರಜೆ ದಿವಸಾನೂ ಇಲ್ಲ. ನಾಳೆ ಡ್ಯೂಟಿ ಇದೆಯಲ್ಲ ಅನ್ನೋರು. ರಿಟೈರಾದ ಮೇಲೂ ಇಲ್ಲ. ಯಾರದಾದರೂ ಹೆರಿಗೆ, ಎದೆನೋವು ಅಂತ ಬಂದು ಬಾಗಿಲು ಬಡಿದರೆ ಇವರ ಹಳೇ ಓಮ್ನಿ ವ್ಯಾನೇ ಬೀದಿಗೆಲ್ಲ ಆಂಬುಲೆನ್ಸು. ನನ್ನ ಮಗಳನ್ನ ಹೆರಿಗೆಗೆ ಕರೆದುಕೊಂಡು ಹೋಗಿದ್ದೂ ಅದರಲ್ಲೇ. ದಾರಿಯುದ್ದಕ್ಕೂ ಅವಳು ಕಿರುಚಿದಳು, ಇವರು ಹಿಂದಕ್ಕೆ ತಿರುಗಿ ಕೂಡ ನೋಡಲಿಲ್ಲ. ಇಳಿಸಿದ ಮೇಲೆ “ರೋಡ್ ಹಂಪಲ್ಲಿ ಎತ್ತಾಕಿಲ್ಲ ತಾನೇ?” ಅಂತ ಒಂದೇ ಮಾತು ಕೇಳಿದರು.

ಅವರ ಹೆಂಡತಿಗೆ ಗಾಡಿ ಹತ್ತಿದರೆ ವಾಂತಿ. ಬೀದಿ ತಿರುವು ದಾಟೋದರೊಳಗೆ ಕವರು ಹುಡುಕೋಳು. ಡ್ರೈವರ ಹೆಂಡತಿಗೆ ಈ ಪಾಡು ನೋಡಿ ಅಂತ ನಾವೆಲ್ಲ ನಗುತ್ತಿದ್ದೆವು. ಅವಳೂ ನಗೋಳು. ಒಳ್ಳೆ ಹೆಂಗಸು. ಸ್ವಲ್ಪ ಮಡಿ, ಶಕುನ ಜಾಸ್ತಿ.

ಇವರ ಜೊತೆ ಬಹಳ ವರ್ಷ ಒಂದೇ ಬಸ್ಸಿನಲ್ಲಿ ದುಡಿದ ಕಂಡಕ್ಟ್ರು ಒಬ್ಬರಿದ್ದರು. ವಿಜಯನಗರದಲ್ಲಿ ಮನೆ ಕಟ್ಟಿಸಿಕೊಂಡಿದ್ದರು. ದಿನಾ ಸಂಜೆ ಸಿಟಿ ಬಸ್ಸು ಹತ್ತಿ ಬಂದು ಇವರ ಜಗಲಿ ಮೇಲೆ ಕೂರುತ್ತಿದ್ದರು. ಕಂಡಕ್ಟ್ರಿಗೆ ಬಿಯರ್ ಅಂದರೆ ಪ್ರಾಣ. ಡ್ಯೂಟಿಯಲ್ಲಿದ್ದಾಗಲೂ ಮಂಡ್ಯ ಬಂತು ಅಂದರೆ ಸಾಕು, “ಗುರುವೇ, ಎರಡು ನಿಮಿಷ ನಿಲ್ಸು” ಅನ್ನೋರಂತೆ. ಇವರು ಒಂದು ಸಲವೂ ನಿಲ್ಲಿಸಲಿಲ್ಲವಂತೆ. ಅದೇ ಅವರಿಬ್ಬರ ಹಳೇ ಜಗಳ. ರಿಟೈರಾದ ಮೇಲೆ ಒಂದು ದಿನ ನೀನು ಹೇಳಿದ ಕಡೆಯೆಲ್ಲ ಗಾಡಿ ನಿಲ್ಲಿಸ್ತೀನಿ ಕಣೋ, ಈಗ ಟಿಕೆಟ್ ಹರಿ ಅಂತ ಇವರು ಮಾತು ಕೊಟ್ಟಿದ್ದರಂತೆ.

ಆ ಮಾತನ್ನ ಕಂಡಕ್ಟ್ರು ಮರೆತಿರಲಿಲ್ಲ. ಒಂದು ಸಂಜೆ ಪೇಪರು ಕಂಕುಳಲ್ಲಿ ಇಟ್ಟುಕೊಂಡೇ ಬಂದರು. ಬಾಟ್ಲಿ ಬಿಯರೆಲ್ಲ ಹಳೇದಾಯ್ತು ಗುರುವೇ, ಈಗ ಕಣ್ಣೆದುರಿಗೇ ಹಂಡೆಯಲ್ಲಿ ಬೇಯಿಸಿ, ಹುಳಿ ಬರಿಸಿ, ನಲ್ಲಿಯಲ್ಲಿ ಹಿಡಿದು ಕೊಡ್ತಾರೆ, ರಾಗಿದೂ ಉಂಟು, ಮಾವಿನಹಣ್ಣಿಂದೂ ಉಂಟು ಅಂತ ಓದಿ ಹೇಳಿದರು. ಬೆಂಗಳೂರಿನ ತುಂಬ ಇವೆಯಂತೆ. ಮಂಗಳೂರು ಕಡೆಗೂ ಇದೆಯಂತೆ. ಡ್ರೈವರ್ರು ಬಿಯರಿನ ಮಾತು ಕಿವಿಗೇ ಹಾಕಿಕೊಳ್ಳಲಿಲ್ಲ.

“ಮಂಗ್ಳೂರಾ?” ಅಂದರು. “ಅಂಗಾದ್ರೆ ಘಾಟಿ ಇಳೀಬೇಕು.”

ಘಾಟಿ ಅಂದಾಗ ಅವರ ಮುಖ ನೋಡಬೇಕಿತ್ತು… ಕಂಡಕ್ಟ್ರಿಗೆ ಬಿಯರ್ ಹೇಗೋ ಇವರಿಗೆ ಘಾಟಿ ಹಾಗೆ.

ಅವತ್ತಿನಿಂದ ಪ್ಲಾನು ಶುರುವಾಯಿತು. ನಾನು ವ್ಯಾಪಾರಕ್ಕೆ ಹುರಿದ ಕಡ್ಲೆಕಾಯಿಯಲ್ಲಿ ಒಂದು ಬೊಗಸೆ ತಂದು ಅವರ ಜಗಲಿ ಮೇಲೆ ಸುರಿಯುತ್ತಿದ್ದೆ. ಡ್ರೈವರ್ರು ಅದರಲ್ಲೇ ರಸ್ತೆ ಹಾಕೋರು. ಇದು ಮೈಸೂರು, ಇದು ಶ್ರೀರಂಗಪಟ್ಟಣ, ಇದು ಮಂಡ್ಯ ಅಂತ ಒಂದೊಂದು ಕಾಯಿ ಇಡೋರು. ಘಾಟಿ ಬಂದ ಕಡೆ ಸಿಪ್ಪೆ ಪುಡಿಮಾಡಿ ಹಾವಿನ ಥರ ಗೆರೆ ಎಳೆಯೋರು. ಎಲ್ಲಿ ಟೀ ಚೆನ್ನಾಗಿದೆ, ಎಲ್ಲಿ ಒಂದಕ್ಕೆ ಹೋಗೋಕೆ ಜಾಗ ಇದೆ, ಎಲ್ಲಿ ಬ್ರೇಕ್ ತಣ್ಣಗೆ ಮಾಡಿಕೊಳ್ಳಬೇಕು, ಎಲ್ಲ ಹೇಳೋರು. ಕಂಡಕ್ಟ್ರು ತಲೆದೂಗಿಕೊಂಡು ಕೇಳುತ್ತ ಕೈಗೆ ಸಿಕ್ಕಿದ ಕಾಯಿ ಒಡೆದು ಬಾಯಿಗೆ ಹಾಕಿಕೊಳ್ಳೋರು.

“ಲೋ, ಮದ್ದೂರು ತಿಂದ್ಬುಟ್ಯಲ್ಲೋ!”

“ಇರ್ಲಿ ಬುಡು ಗುರುವೇ, ಅಲ್ಲೇನು ಬಿಯರ್ ಮಾಡಲ್ಲ.”

“ಮದ್ದೂರಿಲ್ದೆ ಚನ್ನಪಟ್ಣಕ್ಕೆ ಎಂಗೋ ಹೋಗ್ತೀಯಾ? ಹಾರ್ಕೊಂಡು ಹೋಗ್ತೀಯಾ?”

ಆ ದೊಡ್ಡ ಹೈವೇ ಆಗಿನ್ನೂ ಅಗೆಯುತ್ತಿದ್ದರು. ಅದಾದ ಮೇಲೆ ನಿಜವಾಗಲೂ ಹಾರಿಕೊಂಡೇ ಹೋಗುತ್ತಾರೆ, ಮದ್ದೂರು ಯಾರಿಗೂ ಕಾಣೋದಿಲ್ಲ.

ದಿನ ಗೊತ್ತುಮಾಡೋದೇ ದೊಡ್ಡ ರಾಮಾಯಣ ಆಯಿತು. ಸೋಮವಾರ ಕಂಡಕ್ಟ್ರು ಕುಡಿಯೋದಿಲ್ಲ, ನಂಜನಗೂಡು ಒಕ್ಕಲು. ಶನಿವಾರ ಆಂಜನೇಯ. ಗುರುವಾರ ಅವರ ಹೆಂಡತಿಗೆ ಮಾತು ಕೊಟ್ಟಿದ್ದಾರೆ. ಶುಕ್ರವಾರ ಡ್ರೈವರ್ರ ಹೆಂಡತಿ ಕೀಲಿಕೈ ಕೊಡೋಲ್ಲ, ಲಕ್ಷ್ಮಿ ಹೊರಗೆ ಹೋಗ್ತಾಳೆ ಅಂತ. ಮಂಗಳವಾರ ಹೊರಡೋದು ಬೇಡ. ಭಾನುವಾರ ಅಲ್ಲೆಲ್ಲ ಹುಡುಗರ ನೂಕುನುಗ್ಗಲು. ಉಳಿದಿದ್ದು ಬುಧವಾರ ಒಂದು. ಅಷ್ಟರಲ್ಲಿ ಆಷಾಢ ಬಂತು. ಆಷಾಢ ಕಳೆಯಿತು ಅಂದರೆ ಶ್ರಾವಣ, ಕಂಡಕ್ಟ್ರ ಮನೆಯಲ್ಲಿ ಮೊಟ್ಟೆ ಕೂಡ ಇಲ್ಲ. ಆಮೇಲೆ ಗಣೇಶ ಬಿಡೋವರೆಗೂ ಅಂಗಡಿ ಯಾವಾಗ ಮುಚ್ಚುತ್ತಾರೋ ತಿಳಿಯೋಲ್ಲ. ಕುಡಿಯೋಕೆ ಹೋಗೋಕೆ ಇಷ್ಟು ಪಂಚಾಂಗ ನೋಡೋರನ್ನ ನಾನು ಇನ್ನೆಲ್ಲೂ ಕಂಡಿಲ್ಲ.

ಒಂದು ಸಂಜೆ ನಾನು ರೇಗಿ, ಯಾಕಿಷ್ಟು ಅವಸರ, ದಸರಾ ಕಳೆದು ಚಳಿಗಾಲದಲ್ಲಿ ಹೋಗಿ ಅಂದೆ. ಕಂಡಕ್ಟ್ರು ಹೇಳಿದರು. ಗುರುವಿನ ಲೈಸೆನ್ಸು ಮುಗಿಯುತ್ತಾ ಬಂತು, ಈ ವಯಸ್ಸಲ್ಲಿ ಮತ್ತೆ ಮಾಡಿಸಬೇಕು ಅಂದರೆ ಡಾಕ್ಟ್ರು ನೋಡಿ ಬರೆದುಕೊಡಬೇಕಂತೆ.

“ಬರೆದುಕೊಡ್ತಾರೆ, ಏನೀಗ?” ಅಂದೆ.

ಡ್ರೈವರ್ರು ಕಡ್ಲೆಕಾಯಿಯನ್ನು ಜಗಲಿ ಮೇಲೆ ಸರಿಸುತ್ತಾ, “ಅದಕ್ಕೆ ಮುಂಚೆ ಹೋಗಿಬರಬೇಕು,” ಅಂದರು. ಅಷ್ಟೇ.

ಆಗ ನನಗೆ ಅರ್ಥ ಆಯಿತು. ಈ ಮನುಷ್ಯನಿಗೆ ಡಾಕ್ಟ್ರು ಏನು ಹೇಳಬಹುದು ಅಂತ ಅಳುಕು ಇದೆ. ಬಿಯರೂ ಬೇಡ, ಮಂಗಳೂರೂ ಬೇಡ ಇವರಿಗೆ. ಯಾರಾದರೂ ಇನ್ನು ಓಡಿಸಬೇಡಿ ಅನ್ನೋ ಮುಂಚೆ ಒಂದು ಸಲ ದೂರದ ರಸ್ತೆಗೆ ಗಾಡಿ ಹಾಕಬೇಕು. ಏನು ಅಳುಕು ಅಂತ ಮಾತ್ರ ತಿಳಿಯಲಿಲ್ಲ. ಎದೆಯೋ, ಸಕ್ಕರೆಯೋ ಅಂದುಕೊಂಡೆ. ಕಡ್ಲೆಕಾಯಿ ತೆಗೆಯುವಾಗ ಕೈ ಹಾಯಿಸಿ ತಡಕಿ ತೆಗೆಯುತ್ತಿದ್ದರು. ಟೀ ಲೋಟ ಇಡುವಾಗ ಮೊದಲು ಎಡಗೈಯಲ್ಲಿ ಜಗಲಿ ಅಂಚು ಮುಟ್ಟಿ ನೋಡಿ ಇಡುತ್ತಿದ್ದರು. ಅದನ್ನೆಲ್ಲ ನೋಡಿದ್ದೆ. ವಯಸ್ಸು, ಯಾರಿಗಿಲ್ಲ ಅಂತ ಬಿಟ್ಟಿದ್ದೆ.

ಕೊನೆಗೆ ಒಂದು ಬುಧವಾರ ಗಟ್ಟಿಯಾಯಿತು. ಡ್ರೈವರ್ರ ಹೆಂಡತಿ ನನ್ನ ಹತ್ತಿರ ಬಂದು, “ನೀನೂ ಹೋಗಮ್ಮ ಅವರ ಜೊತೆ. ನನಗಂತೂ ಗಾಡಿ ಆಗಲ್ಲ. ಆ ಕಂಡಕ್ಟ್ರು ಕುಡ್ದು ಬಿದ್ರೆ ನಮ್ಮನೆಯವರೊಬ್ಬರೇ ಏನು ಮಾಡ್ತಾರೆ? ನಿನಗೆ ಕುಡುಕರ ಅಭ್ಯಾಸ ಇದೆ,” ಅಂದಳು. ನನ್ನ ತಂಗಿ ಚನ್ನಪಟ್ಟಣದಲ್ಲಿದ್ದಾಳೆ. ನೋಡಿ ಬಹಳ ದಿನ ಆಗಿತ್ತು. ಪೂರ್ತಿ ದಾರಿ ಬರೋಕಾಗಲ್ಲ, ಹೋಗುವಾಗ ಅಲ್ಲಿ ಇಳಿಸಿಹೋಗಿ, ಬರುವಾಗ ನಾನು ಬಸ್ಸಲ್ಲಿ ಬರುತ್ತೇನೆ ಅಂತ ಒಪ್ಪಿಕೊಂಡೆ. ಒಂದು ಡಬ್ಬ ಚಕ್ಕುಲಿ, ಒಂದು ಡಬ್ಬ ಖಾರದ ಕಡ್ಲೆಬೀಜ ಮಾಡಿದೆ. ಬಿಯರಿಗೆ ನೆಂಚಿಕೊಳ್ಳೋಕೆ ಏನು ಬೇಕು ಅಂತ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬೆಳಕು ಹರಿಯುತ್ತಿತ್ತು. ಓಮ್ನಿಯನ್ನು ಹಿಂದಿನ ದಿನವೇ ತೊಳೆದು, ಹೂವಿನ ಹಾರ ಹಾಕಿ, ಎಡಗಡೆ ಚರಂಡಿ ಅಂಚಿಗೆ ಸೇರಿಸಿ ನಿಲ್ಲಿಸಿದ್ದರು. ಕಂಡಕ್ಟ್ರು ಇಸ್ತ್ರಿ ಮಾಡಿದ ಶರ್ಟು ಹಾಕಿ, ಮದುವೆಗೆ ಹೊರಟವರ ಹಾಗೆ ಬಂದು ಮುಂದಿನ ಸೀಟಿನಲ್ಲಿ ಕೂತಿದ್ದರು. ನಾನು ಡಬ್ಬಗಳನ್ನು ಜಗಲಿ ಮೇಲಿಟ್ಟು ನಿಂತಿದ್ದೆ. ಡ್ರೈವರ್ರ ಹೆಂಡತಿ ಆರತಿ ತಟ್ಟೆ ಹಿಡಿದಿದ್ದಳು.

ನಿಂಬೆಹಣ್ಣು ಇಡೋದು ಮಾತ್ರ ಅವರೇ. ಅದನ್ನ ಬೇರೆಯವರಿಗೆ ಬಿಟ್ಟವರಲ್ಲ. ನಾಲ್ಕು ಗಾಲಿಗೂ ಒಂದೊಂದು ಇಟ್ಟು, ಮೇಲೆ ಹತ್ತಿಸಿ ಒಡೆದು ಹೋಗೋದು. ನಾಲ್ಕೂ ಒಡೆಯಬೇಕು, ಆಗ ದಾರಿಯ ದೃಷ್ಟಿ ಎಲ್ಲ ಅಲ್ಲೇ ಕಳೆಯಿತು ಅಂತ. ಬಸ್ಸಿಗೂ ಅಮಾವಾಸ್ಯೆ ಅಮಾವಾಸ್ಯೆಗೆ ಹಾಗೇ ಇಡುತ್ತಿದ್ದರಂತೆ. ಕಾಲು ಮಡಚಿ ಕೂತು, ಒಂದೊಂದು ಗಾಲಿಗೂ ಕೈ ಮುಗಿದು, ಬಗ್ಗಿ ಇಟ್ಟು ಬಂದರು. ಹತ್ತಿ ಕೂತರು. ಗಾಡಿ ಶುರುವಾಯಿತು. ಒಂದು ಮಾರು ಮುಂದೆ ಹೋಯಿತು.

ಪಚಕ್ ಪಚಕ್ ಅಂತ ಸದ್ದು ಬಂತು. ಆದರೆ ಎಡಗಡೆ ಮುಂದಿನ ಗಾಲಿಯದ್ದು ಒಡೆದಿರಲಿಲ್ಲ. ಹಳದಿಯಾಗಿ, ಉಂಡೆಯಾಗಿ, ಕುಂಕುಮದ ಸಮೇತ ಹಾಗೇ ಕೂತಿತ್ತು.

ಹೆಂಡತಿ ಮೊದಲು ನೋಡಿದಳು. “ಏನ್ರೀ, ಇಳೀರಿ. ಒಡೆದಿಲ್ಲ. ಹೊರಡೋದು ಬೇಡ.” ಕಂಡಕ್ಟ್ರು ಇಳಿದು ನೋಡಿ ಅವರೂ ಸಪ್ಪಗಾದರು. ಇಷ್ಟು ವರ್ಷದಲ್ಲಿ ಯಾವತ್ತೂ ಹೀಗಾಗಿಲ್ಲ ಗುರುವೇ ಅಂದರು. ಡ್ರೈವರ್ರು ಇಳಿದುಬಂದು ನಿಂತರು. “ಇನ್ನೊಂದು ನಿಂಬೆಹಣ್ಣು ತಾ,” ಅಂದರು ಹೆಂಡತಿಗೆ. “ಮತ್ತೆ ಇಡ್ತೀನಿ. ಬರೋ ವಾರ ಅಂದ್ರೂ ಹೋಗೋಣ.”

ನಾನು ಹೋಗಿ ಬಗ್ಗಿ ನೋಡಿದೆ. ಶಕುನಗಿಕುನ ನನಗೆ ತಿಳಿಯೋದಿಲ್ಲ. ಹಣ್ಣು ಕೂತಿದ್ದದ್ದು ಗಾಲಿಯ ಜಾಗದಲ್ಲೇ ಅಲ್ಲ. ಅದರ ಪಕ್ಕ ಚರಂಡಿ ಅಂಚಿಗೆ ಒಂದು ಕಲ್ಲಿದೆ, ಪಾಚಿ ಕಟ್ಟಿ ಕಪ್ಪಗಾಗಿದೆ, ದುಂಡಗಿದೆ. ಆ ಕಲ್ಲಿನ ಬುಡಕ್ಕೆ ಒತ್ತಿ ಇಟ್ಟು, ಅದಕ್ಕೇ ಕೈ ಮುಗಿದು ಬಂದಿದ್ದಾರೆ. ಕಲ್ಲನ್ನ ಟೈರು ಅಂದುಕೊಂಡಿದ್ದಾರೆ. ಟೈರು ನಿಂತಿದ್ದದ್ದು ಒಂದು ಗೇಣು ಈಚೆಗೆ.

ತಡಕಿ ತೆಗೆಯೋ ಕಡ್ಲೆಕಾಯಿ, ಅಂಚು ಮುಟ್ಟಿ ಇಡೋ ಲೋಟ, ಎಲ್ಲ ಅಲ್ಲಿ ಬಗ್ಗಿದ್ದ ಹಾಗೇ ಒಟ್ಟಿಗೆ ನೆನಪಾದವು.

ಸುಮ್ಮನಿದ್ದಿದ್ದರೂ ಆಗುತ್ತಿತ್ತು. ಶಕುನ ಸರಿಯಿಲ್ಲ ಅಂತ ಅವತ್ತಿಗೆ ನಿಲ್ಲುತ್ತಿತ್ತು. ಅವರ ಮಾನಾನೂ ಉಳಿಯುತ್ತಿತ್ತು. ಆದರೆ ಶಕುನಕ್ಕೆ ಇನ್ನೊಂದು ನಿಂಬೆಹಣ್ಣು ಇಟ್ಟರೆ ಮುಗಿಯಿತು, ಮುಂದಿನ ಬುಧವಾರ ಮತ್ತೆ ಹೊರಡುತ್ತಾರೆ. ಹಣ್ಣನ್ನು ಹೆಂಡತಿ ಕೈಯಲ್ಲಿ ಇಡಿಸುತ್ತಾರೆ. ಘಾಟಿಯಲ್ಲಿ ಎಡಗಡೆ ಪ್ರಪಾತ ಇರುತ್ತೋ, ಬೈಕಲ್ಲಿ ಯಾರ ಮನೆ ಮಗು ಇರುತ್ತೋ.

“ದೇವರದ್ದೇನೂ ಇಲ್ಲ ಇದರಲ್ಲಿ,” ಅಂದೆ. “ಇವರಿಗೆ ಕಣ್ಣು ಕಾಣಲ್ಲ.”

ಹೆಂಡತಿ ನನ್ನ ಮೇಲೆ ಎಗರಿದಳು. “ಹೊರಡೋ ಹೊತ್ನಲ್ಲಿ ಎಂಥ ಮಾತು ಆಡ್ತೀಯೇ! ನಿನ್ನ ನಾಲಿಗೆಗೆ…” ಮುಂದಿನದನ್ನ ನಾನಿಲ್ಲಿ ಹೇಳೋದು ಬೇಡ, ಅವಳಂತೂ ಅಂದಳು.

“ಡ್ರೈವರ್ರೇ, ನೆಟ್ಟಗೆ ನಿಂತ್ಕೊಂಡು ನಿಮ್ಮ ಹೆಂಡ್ತಿ ಮುಖ ನೋಡಿ,” ಅಂದೆ. ನೋಡಿದರು. ನಾನು ಅವರ ಎಡಗಡೆ ಪಕ್ಕಕ್ಕೆ ಹೋಗಿ ಕೈ ಮುಂದೆ ಚಾಚಿ ನಿಂತೆ. “ಕತ್ತು ತಿರುಗಿಸಬೇಡಿ. ನನ್ನ ಕೈಯಲ್ಲೇನಿದೆ?”

“ಇನ್ನೇನು, ಚಕ್ಲಿ ಡಬ್ಬ,” ಅಂದರು.

ಚಕ್ಕುಲಿ ಡಬ್ಬ ಜಗಲಿ ಮೇಲಿತ್ತು. ನನ್ನ ಕೈಯಲ್ಲಿದ್ದದ್ದು ಆ ಒಡೆಯದ ನಿಂಬೆಹಣ್ಣು. ಕಂಡಕ್ಟ್ರು ಹಣ್ಣನ್ನೊಂದು ಸಲ, ಗುರುವನ್ನೊಂದು ಸಲ ನೋಡಿದರು. ಹೆಂಡತಿ ತಟ್ಟೆಯನ್ನು ಕೆಳಗಿಟ್ಟು, ಗಾಡಿಯೊಳಗೆ ಕೈ ಹಾಕಿ ಕೀಲಿಕೈ ಕಿತ್ತುಕೊಂಡು ಒಳಗೆ ಹೋದಳು. ದೇವರ ಗೂಡಿನ ಮೊಳೆಗೆ ನೇತುಹಾಕಿದಳು ಅಂತ ಆಮೇಲೆ ಗೊತ್ತಾಯಿತು.

“ನೀನು ಸುಮ್ಕಿದ್ದಿದ್ರೆ ಹೋಗಿಬರ್ತಿದ್ದೆ ಕಣಕ್ಕ,” ಅಂದರು ಡ್ರೈವರ್ರು.

“ಹೋಗ್ತಿದ್ರಿ. ಬರೋದು ಯಾರಿಗೆ ಗೊತ್ತು?” ಅಂದೆ.

ಅವರು ಜಗಲಿ ಮೇಲೆ ಕೂತರು. ಅಂಚು ಮುಟ್ಟಿ ನೋಡಿಕೊಂಡು ಕೂತರು. ಇನ್ನು ಮುಚ್ಚಿಡೋಕೆ ಏನೂ ಇರಲಿಲ್ಲವಲ್ಲ…

ಸಿದ್ಧಾರ್ಥನಗರದ ಕಣ್ಣಿನ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದದ್ದು ಕಂಡಕ್ಟ್ರು, ಆಟೋದಲ್ಲಿ. ಪೊರೆ ಅಲ್ಲವಂತೆ, ತೆಗೆಯೋಕೆ ಬರೋದಿಲ್ಲವಂತೆ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ಪಕ್ಕದಿಂದ ತಿಂದುಕೊಂಡು ಬರುತ್ತದಂತೆ. ನೆಟ್ಟಗೆ ನೋಡಿದರೆ ಕಾಣುತ್ತೆ, ಅದಕ್ಕೇ ಯಾರಿಗೂ ತಿಳಿದಿಲ್ಲ. ಹೋದದ್ದು ಹೋಯಿತು, ಉಳಿದದ್ದಕ್ಕೆ ಡ್ರಾಪ್ಸು ಹಾಕಿ ಅಂದರಂತೆ. ಹಾಕಿದರು. ಬಹಳ ತಡವಾಗಿತ್ತು, ಉಳಿದದ್ದೂ ಸ್ವಲ್ಪ ಸ್ವಲ್ಪವೇ ಹೋಯಿತು.

ಅವರ ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ನಾನಾಗಿ ಹೋಗಿ ಮಾತಾಡಿಸಲಿಲ್ಲ. ಅವಳ ಮನೆ ಬಾಗಿಲು, ನನ್ನ ಮನೆ ಬಾಗಿಲು ಎದುರುಬದುರು. ದಿನಾ ಬೆಳಿಗ್ಗೆ ಇಬ್ಬರೂ ಒಂದೇ ಹೊತ್ತಿಗೆ ನೀರು ಹಾಕೋದು, ಒಬ್ಬರ ಮುಖ ಒಬ್ಬರು ನೋಡದ ಹಾಗೆ ರಂಗೋಲಿ ಎಳೆಯೋದು. ಹಾಗೇ ನಡೆಯಿತು ಬಹಳ ದಿನ. ಡ್ರೈವರ್ರು ಮಾತ್ರ ಜಗಲಿ ಮೇಲಿಂದಲೇ, “ಕಡ್ಲೆಕಾಯಕ್ಕ, ಇವತ್ತು ಸೀದಿದೆ ನಿನ್ನ ಕಡ್ಲೆ, ವಾಸನೆ ಇಲ್ಲಿಗೆ ಬತ್ತಾ ಇದೆ,” ಅಂತ ಛೇಡಿಸೋರು. ಅವರಿಗೆ ನನ್ನ ಮೇಲೆ ಸಿಟ್ಟಿತ್ತೋ ಇಲ್ಲವೋ ನಾನು ಕೇಳಲಿಲ್ಲ.

ಚಳಿಗಾಲದಲ್ಲಿ ಕಂಡಕ್ಟ್ರು ಮತ್ತೆ ಶುರುಮಾಡಿದರು. ಗಾಡಿ ಇಲ್ಲದಿದ್ದರೇನು, ನಮ್ಮ ಬಸ್ಸಿಲ್ಲವಾ? ಬೆಳಿಗ್ಗೆ ಹೋಗಿ ಸಂಜೆಗೆ ವಾಪಸ್ಸು, ಬೆಂಗಳೂರಲ್ಲಿ ಒಂದೇ ಜಾಗ ನೋಡಿಕೊಂಡು ಬರೋಣ ಅಂತ. ಡ್ರೈವರ್ರು ಹೂಂ ಅಂದರು. ಹೆಂಡತಿ ಬಾಗಿಲಲ್ಲಿ ನಿಂತು, ನಾನು ಎದುರಿಗೇ ಇದ್ದರೂ ಕಂಡಕ್ಟ್ರಿಗೆ ಹೇಳಿದಳು: “ಅವಳಿಗೂ ಹೇಳಿ, ಜೊತೆಗೆ ಹೋಗಲಿ.” ಅಷ್ಟೇ ಆಕೆಯ ರಾಜಿ. ನನಗೆ ಸಾಕಾಯಿತು. ಚಕ್ಕುಲಿ ಮತ್ತೆ ಮಾಡಿದೆ.

ಸಬರ್ಬನ್ ಸ್ಟ್ಯಾಂಡಿನಲ್ಲಿ ಕೆಂಪು ಬಸ್ಸು ಹತ್ತಿದೆವು. ನನಗೆ ಓದು ಬರೋದು ಅಷ್ಟಕ್ಕಷ್ಟೆ, ಆದರೂ ಬೋರ್ಡು ನಾನೇ ಓದಿದೆ, ಯಾಕೆಂದರೆ ಡ್ರೈವರ್ರಿಗೆ ಆಗಲೇ ಬೋರ್ಡು ಮಸುಕು. ಅವರು ಡ್ರೈವರ ಹಿಂದಿನ ಸೀಟಿನಲ್ಲೇ ಕೂತರು. ದಾರಿಯುದ್ದಕ್ಕೂ ಅವರ ಬಲಗಾಲು ಸುಮ್ಮನಿರಲಿಲ್ಲ. ಹಂಪು ಬರುವ ಮೊದಲೇ ಒತ್ತುತ್ತಿತ್ತು. ಆ ಹುಡುಗ ಡ್ರೈವರು ತಡವಾಗಿ ಒತ್ತಿದರೆ ಇವರು ಬಾಯಲ್ಲಿ ಚ್ ಚ್ ಅನ್ನೋರು. ಮಂಡ್ಯ ಬಂದಾಗ ಕಂಡಕ್ಟ್ರು ಎದ್ದು ನಿಂತು, “ಗುರುವೇ, ಎರಡು ನಿಮಿಷ ನಿಲ್ಸು,” ಅಂದರು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಡ್ರೈವರ್ರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಆ ಬಿಯರಿನ ಜಾಗ ಮಹಡಿ ಮೇಲಿತ್ತು. ಬಾಗಿಲಲ್ಲಿ ನಿಂತ ಹುಡುಗ ನನ್ನ ಸೀರೆ, ಬಟ್ಟೆ ಚೀಲ ನೋಡಿ ಹೊರಗಿನ ತಿಂಡಿ ಒಳಗೆ ಬಿಡಲ್ಲ ಅಂದ. ತಿಂಡಿ ಅಲ್ಲಪ್ಪ, ಮಾತ್ರೆ ಅಂದೆ. ಸೆರಗು ಮುಚ್ಚಿಕೊಂಡು ಒಳಗೆ ಹೋದೆ. ಗಾಜಿನ ಆಚೆ ಮದುವೆಮನೆ ಹಂಡೆಗಳ ಹಾಗೆ, ಅದಕ್ಕಿಂತ ದೊಡ್ಡವು, ತಾಮ್ರದವು ನಿಂತಿದ್ದವು. ಚೆನ್ನಾಗಿ ಬೆಳಗಿದ್ದರು. ಮೊದಲಿಗೆ ರುಚಿ ನೋಡೋಕೆ ಅಂತ ಒಂದು ಹಲಗೆ ಮೇಲೆ ಸಾಲಾಗಿ ಪುಟಾಣಿ ಲೋಟ ಇಟ್ಟು ತಂದರು. ಒಂದು ಕಪ್ಪು, ಒಂದು ಕೆಂಪು, ಒಂದು ಕಲಗಚ್ಚಿನ ಬಣ್ಣ.

“ಇದೇನು, ಮಕ್ಕಳಿಗೆ ಜ್ವರದ ಔಷ್ದಿ ಕೊಟ್ಟಂಗೆ,” ಅಂದರು ಕಂಡಕ್ಟ್ರು. ಆದರೂ ಒಂದೊಂದನ್ನೂ ಕಣ್ಣುಮುಚ್ಚಿ ಕುಡಿದರು. ತೃಪ್ತಿಯಾಯಿತು ಅವರಿಗೆ. ಆಮೇಲೆ ದೊಡ್ಡ ಲೋಟ ಎರಡು ತರಿಸಿ ಒಂದನ್ನ ಡ್ರೈವರ್ರ ಕೈಗೆ ಕೊಟ್ಟರು. “ಇವತ್ತು ನೀನು ಓಡಿಸ್ತಾ ಇಲ್ಲ. ಇವತ್ತಾದ್ರೂ ಕುಡಿ ಗುರುವೇ.”

ಡ್ರೈವರ್ರು ಲೋಟ ಎತ್ತಿದರು. ಮೂಸಿ ನೋಡಿದರು. ಕಿಟಕಿಯ ಬೆಳಕಿಗೆ ಹಿಡಿದರು. ಮತ್ತೆ ಮೇಜಿನ ಅಂಚು ಮುಟ್ಟಿ ನೋಡಿ ಕೆಳಗಿಟ್ಟರು.

“ಬ್ಯಾಡ. ವಾಪಸ್ ಹೋಗುವಾಗ ಆ ಡ್ರೈವರಿಗೆ ಏನಾದ್ರೂ ಆದ್ರೆ?”

ಕಂಡಕ್ಟ್ರು ನಕ್ಕುಬಿಟ್ಟರು. “ಆದ್ರೆ? ನೀನು ಓಡಿಸ್ತೀಯಾ?”

ಅಂದ ಮೇಲೆ ಅವರಿಗೆ ತಿಳಿಯಿತು ಏನಂದೆ ಅಂತ. ತಲೆ ತಗ್ಗಿಸಿಕೊಂಡರು. ಸುತ್ತ ಹುಡುಗರ ಗಲಾಟೆ, ಹಾಡು. ಆ ಲೋಟದ ನೊರೆ ಇಳಿಯುತ್ತಾ ಹೋಯಿತು. ಕುಡಿದರೆ ತಾನು ಇನ್ನು ಡ್ರೈವರಲ್ಲ ಅಂತ ಅವರಿಗೆ ಅವರೇ ಹೇಳಿಕೊಂಡ ಹಾಗೆ. ಅದಕ್ಕೆ ಅವರು ತಯಾರಿರಲಿಲ್ಲ.

ಕಾಸು ಕೊಟ್ಟಾಗಿದೆ, ಚೆಲ್ಲೋದು ಯಾಕೆ ಅಂತ ಆ ಲೋಟ ನಾನು ಎಳೆದುಕೊಂಡೆ. ಕುಡುಕರ ಪಕ್ಕ ಅಷ್ಟು ವರ್ಷ ಕೂತಿದ್ದರೂ ಅದೇ ಮೊದಲು ನಾಲಿಗೆಗೆ ಇಟ್ಟದ್ದು. ಹುಳಿಬಂದ ಅಂಬಲಿಗೆ ಬೇವಿನಸೊಪ್ಪು ಅದ್ದಿ ತೆಗೆದ ಹಾಗಿತ್ತು. ಮುಖ ಹಿಂಡಿದೆ. ಡ್ರೈವರ್ರಿಗೆ ನನ್ನ ಮುಖ ಅಷ್ಟು ದೂರ ಕಂಡಿತೋ ಏನೋ, ನಕ್ಕರು. ಚಕ್ಕುಲಿಯನ್ನು ಸೆರಗಿನ ಅಡಿಯಿಂದ ಒಂದೊಂದೇ ತೆಗೆದು ಕೊಟ್ಟೆ. ಚೆನ್ನಾಗಿದೆ ಅಂತ ತಿಂದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಂಡಕ್ಟ್ರು ಗೊರಕೆ ಹೊಡೆದರು. ಇವರು ಮೈಸೂರು ಬರೋವರೆಗೂ ಕಣ್ಣುಬಿಟ್ಟುಕೊಂಡೇ ಕೂತಿದ್ದರು, ಆ ಕಾಲು ಒತ್ತಿಕೊಂಡು.

ಓಮ್ನಿ ಚರಂಡಿ ಅಂಚಿಗೆ ಹಾಗೇ ನಿಂತಿತ್ತು ಬಹಳ ಕಾಲ. ಟೈರಿನ ಗಾಳಿ ಹೋಯಿತು. ಬೆಕ್ಕು ಅಡಿಯಲ್ಲಿ ಮರಿ ಹಾಕಿತು. ಮಾರಿ ಅಂದರೆ ಕೇಳುತ್ತಿರಲಿಲ್ಲ. ಅಷ್ಟರಲ್ಲಿ ಅವರ ಕಣ್ಣು ಪೂರ್ತಿ ಹೋಯಿತು. ಹಗಲು ರಾತ್ರಿ ಮಾತ್ರ ತಿಳಿಯುತ್ತೆ ಅನ್ನೋರು. ಜಗಲಿ ಮೇಲೆ ಕೂತು ಸದ್ದಿನಲ್ಲೇ ಇದು ಇಂಥವರ ಗಾಡಿ, ಇದರ ಸೈಲೆನ್ಸರ್ ತೂತಾಗಿದೆ ಅಂತ ಹೇಳೋರು. ಆಮೇಲೊಂದು ದಿನ ಅವರಾಗಿಯೇ ಒಪ್ಪಿದರು. ಯಾರೋ ತರಕಾರಿ ವ್ಯಾಪಾರದವನು ಬಂದು, ಗಾಳಿ ತುಂಬಿಸಿ, ಬ್ಯಾಟರಿ ಹಾಕಿಸಿ ತೆಗೆದುಕೊಂಡು ಹೋದ. ದೇವರ ಗೂಡಿನ ಮೊಳೆಯಿಂದ ಕೀಲಿಕೈ ತಂದುಕೊಟ್ಟದ್ದು ಹೆಂಡತಿ. ನಿಂಬೆಹಣ್ಣು ಇಡಲಾ ಅಂತ ಕೇಳಿದಳು. ಬೇಡ, ಅವನ ಗಾಡಿ, ಅವನು ಇಟ್ಕೋತಾನೆ ಅಂದರು.

ಗಾಡಿ ಬೀದಿ ಕೊನೆಗೆ ಹೋಗಿ ತಿರುಗೋವರೆಗೂ ಕಿವಿ ಕೊಟ್ಟುಕೊಂಡು ಕೂತಿದ್ದರು. “ಸೆಕೆಂಡಿಗೆ ಹಾಕ್ದ… ಬೇಗ ಹಾಕ್ಬುಟ್ಟ,” ಅಂದರು. ಆಮೇಲೆ ಸದ್ದು ಇಲ್ಲ.

ನಾನು ಕಡ್ಲೆಕಾಯಿ ಕೊಡೋಕೆ ಬಂದಿದ್ದೆ. “ಕಡ್ಲೆಕಾಯಕ್ಕ,” ಅಂದರು, “ಆ ಕಂಡಕ್ಟ್ರಿಗೆ ಫೋನ್ ಮಾಡ್ಸು. ಬರುವಾಗ ಬಿಯರ್ ತರೋಕೆ ಹೇಳು.”

“ಯಾವತ್ತೂ ಇಲ್ಲದ್ದು ಇದೇನು?”

“ಇನ್ನು ಕುಡೀಬೋದು ಕಣಕ್ಕ.”

ಕಂಡಕ್ಟ್ರು ಆಟೋದಲ್ಲೇ ಬಂದರು, ಬಸ್ಸಿಗೆ ಕಾಯಲಿಲ್ಲ. ತಂದದ್ದು ಹಂಡೆಯದ್ದಲ್ಲ, ಸಾದಾ ಬಾಟ್ಲಿಯದ್ದೇ. ಹೆಂಡತಿ ಒಳಗಿಂದ ಸ್ಟೀಲ್ ಲೋಟ ತಂದಿಟ್ಟು, ಮುಖ ತಿರುಗಿಸಿಕೊಂಡು ಬಾಗಿಲಲ್ಲೇ ನಿಂತಳು. ಒಳಗೆ ಹೋಗಲಿಲ್ಲ. ಡ್ರೈವರ್ರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಕಷಾಯ ಕುಡಿದ ಹಾಗೆ ಒಂದೇ ಉಸಿರಿಗೆ ಕುಡಿದರು. ಬಾಯಿ ಒರೆಸಿಕೊಂಡರು.

“ಇಷ್ಟೇನಾ?”

“ಇಷ್ಟೇ ಗುರುವೇ.”

“ಇದಕ್ಕಾ ನೀನು ಮಂಡ್ಯದಲ್ಲಿ ಬಸ್ ನಿಲ್ಸು ನಿಲ್ಸು ಅಂತಿದ್ದದ್ದು? ಥೂ.”

ಕಂಡಕ್ಟ್ರು ನಕ್ಕರು. ನಗುತ್ತಾ ನಗುತ್ತಾ ಕಣ್ಣು ಒರೆಸಿಕೊಂಡರು. ಡ್ರೈವರ್ರು ಲೋಟ ಇಡೋಕೆ ಜಗಲಿ ಅಂಚು ಹುಡುಕಿದರು. ಈ ಸಲ ಸಿಗಲಿಲ್ಲ. ನಾನು ಲೋಟ ಇಸಿದುಕೊಂಡೆ.

ಡ್ರೈವರ್ರು ಹೋಗಿ ವರ್ಷಗಳಾದವು. ನಿದ್ದೆಯಲ್ಲಿ ಹೋದರು, ತೊಂದರೆ ಕೊಡಲಿಲ್ಲ. ಹೆಂಡತಿ ಮನೆಗೆ ಬೀಗ ಹಾಕಿ ಮಗಳ ಮನೆಗೆ ಹೋದಳು, ಬಾಡಿಗೆಗೆ ಕೊಟ್ಟದ್ದು ಈಚೆಗೆ. ಹೋಗುವಾಗ ಟೆಂಪೋದ ಮುಂದಿನ ಸೀಟಿನಲ್ಲಿ ಕವರು ಹಿಡಿದುಕೊಂಡೇ ಕೂತಿದ್ದಳು. ಕಂಡಕ್ಟ್ರು ಆಮೇಲೆ ಒಂದೆರಡು ಸಲ ಬಂದು, ಬೀಗ ಹಾಕಿದ ಮನೆಯ ಜಗಲಿ ಮೇಲೆ ಕೂತು, ನಾನು ಕೊಟ್ಟ ಕಡ್ಲೆಕಾಯಿ ತಿನ್ನದೆ ಹೋದರು. ಆಮೇಲೆ ಬರಲಿಲ್ಲ. ಇದ್ದಾರೋ ಇಲ್ಲವೋ… ವಿಚಾರಿಸೋಕೆ ನನಗೆ ಅವರ ಮನೆ ಗೊತ್ತಿಲ್ಲ.

ನಾನು ಅಳಲಿಲ್ಲ ಆಗ. ಈಗಲೂ ಇಲ್ಲ. ಸಂಜೆ ಹೊತ್ತು ಎದುರು ಜಗಲಿ ಖಾಲಿ ಇರುತ್ತೆ, ಅಷ್ಟೇ. ಆ ಹುಡುಗ ಹುಡುಗಿ ಹೊರಗೆ ಕೂರೋರಲ್ಲ. ಕಡ್ಲೆಕಾಯಿ ಹುರಿಯೋದನ್ನ ನಾನು ಬಿಟ್ಟಿದ್ದೇನೆ. ಸೀದರೆ ಹೇಳೋರಿಲ್ಲ.

ಇವತ್ತು ಬಕೆಟ್ಟು ಅಲ್ಲೇ ಬಿಟ್ಟು ಬೀದಿ ದಾಟಿ ಹೋದೆ. ಮೊಣಕಾಲು ಕೇಳಲಿಲ್ಲ, ಆದರೂ ಚರಂಡಿ ಅಂಚಿನ ಹತ್ತಿರ ಬಗ್ಗಿ ನೋಡಿದೆ. ಬಲಗಡೆ ಎರಡು, ಎಡಗಡೆ ಹಿಂದೆ ಒಂದು ಒಡೆದಿದ್ದವು. ಎಡಗಡೆ ಮುಂದಿನದ್ದೂ ಚಪ್ಪಟೆಯಾಗಿ, ಬೀಜ ಚೆಲ್ಲಿಕೊಂಡು ರಸ್ತೆಗೆ ಅಂಟಿಕೊಂಡಿತ್ತು. ಪಾಚಿ ಕಲ್ಲಿನ ಬುಡದಲ್ಲಿ ಏನೂ ಇರಲಿಲ್ಲ.

ಸರಿ, ಹೋಗಿಬರಲಿ ಅಂತ ನೀರು ಹಾಕಿದೆ. ಅವರ ಬಾಗಿಲಿಗೂ ಹಾಕಿದೆ.